ಕೊಲ್ಲದೆ ಬಿಡುವ ಲೆಕ್ಕ: ಎನ್‌ಕೆ ಕೋಶಗಳ ಬಗ್ಗೆ ಡೊಂಬಿವಲಿಯಲ್ಲಿ ಆಡಿದ ಮಾತು

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕನ್ನಡದವರು ಭಾನುವಾರ ಸೇರುವ ಕೂಟದಲ್ಲಿ ಆಡಿದ ಮಾತು ಇದು. ಅಲ್ಲಿ ತೋರಿಸಿದ ಚಿತ್ರಗಳು ಇಲ್ಲಿಲ್ಲ, ಅದಕ್ಕೆ ಕೆಲವು ಕಡೆ ಎರಡು ಮಾತು ಜಾಸ್ತಿ ಸೇರಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಇಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಮ್ಯೂನಿಟಿ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಒಂದು ಗಂಟೆಯಲ್ಲಿ ಇಮ್ಯೂನಿಟಿ ಪೂರ್ತಿ ಹೇಳಹೊರಟರೆ ಏನೂ ಹೇಳಿದ ಹಾಗಾಗುವುದಿಲ್ಲ. ಹಾಗಾಗಿ ಒಂದೇ ಒಂದು ಕೋಶ ಹಿಡಿದುಕೊಂಡು ಬಂದಿದ್ದೇನೆ. ಅದರ ಹೆಸರು ನ್ಯಾಚುರಲ್ ಕಿಲ್ಲರ್ ಸೆಲ್. ಲ್ಯಾಬಿನಲ್ಲಿ ಎಲ್ಲರೂ ಎನ್‌ಕೆ ಅನ್ನುವುದು.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಟೀ ಬಂದ ಮೇಲೆ ಅರ್ಧ ಜನ ಎದ್ದು ಹೋಗುತ್ತೀರಿ. ಈ ಕೋಶ ಕೊಲ್ಲುವುದರಲ್ಲಿ ಗಟ್ಟಿ, ಅದು ನಿಜ. ಆದರೆ ಅದರ ದಿನದ ಕೆಲಸದಲ್ಲಿ ಬಹುಪಾಲು ಕೊಲ್ಲದೆ ಬಿಡುವುದೇ. ಎದುರಿಗೆ ಸಿಕ್ಕಿದ ಕೋಶವನ್ನು ಮುಟ್ಟುತ್ತದೆ, ತಡವಿ ನೋಡುತ್ತದೆ, ಬಿಟ್ಟು ಮುಂದೆ ಹೋಗುತ್ತದೆ. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಅನ್ನುವ ಲೆಕ್ಕವನ್ನು ಅದು ಹೇಗೆ ಹಾಕುತ್ತದೆ ಅನ್ನುವುದೇ ಇವತ್ತಿನ ಮಾತು. ಈ ಲೆಕ್ಕ ಗೊತ್ತಾದರೆ, ಮೆಡಿಕಲ್ ಶಾಪಿನಲ್ಲಿ 'ಇಮ್ಯೂನಿಟಿ ಬೂಸ್ಟರ್' ಅಂತ ಬರೆದ ಡಬ್ಬಿ ನೋಡಿದಾಗ ಕೇಳಬೇಕಾದ ಪ್ರಶ್ನೆ ನಿಮಗೇ ಹೊಳೆಯುತ್ತದೆ.

ಮೊದಲು ಇದು ಎಲ್ಲಿದೆ ನೋಡೋಣ. ನಿಮ್ಮ ಸಿಬಿಸಿ ರಿಪೋರ್ಟ್ ಇದೆಯಲ್ಲ, ಅದರಲ್ಲಿ ಬಿಳಿ ರಕ್ತಕಣಗಳ ಕೆಳಗೆ 'ಲಿಂಫೋಸೈಟ್ಸ್' ಅಂತ ಒಂದು ಸಾಲು ಇರುತ್ತದೆ. ಆ ಸಾಲಿನೊಳಗೆ ಮೂರು ಜಾತಿಯವರಿದ್ದಾರೆ: ಟಿ ಕೋಶ, ಬಿ ಕೋಶ, ಎನ್‌ಕೆ ಕೋಶ. ಸಿಬಿಸಿ ಮಷೀನಿಗೆ ಈ ಮೂವರೂ ಒಂದೇ. ಬೇರೆ ಮಾಡಬೇಕಾದರೆ ಫ್ಲೋ ಸೈಟೋಮೆಟ್ರಿ ಬೇಕು. ಬಣ್ಣ ಹಚ್ಚಿದ ಆ್ಯಂಟಿಬಾಡಿ ಹಾಕಿ, ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸುತ್ತೇವೆ. ಪರದೆಯ ಮೇಲೆ ಪ್ರತಿ ಕೋಶಕ್ಕೂ ಒಂದು ಚುಕ್ಕಿ ಬೀಳುತ್ತದೆ. ಕೋಶದ ಮೇಲೆ ಸಿಡಿ3 ಅನ್ನುವ ಗುರುತಿನ ಪ್ರೋಟೀನ್ ಇದ್ದರೆ ಟಿ ಕೋಶ. ಸಿಡಿ3 ಇಲ್ಲದೆ ಸಿಡಿ56 ಅನ್ನುವ ಇನ್ನೊಂದು ಗುರುತು ಇದ್ದರೆ ಅದು ನಮ್ಮ ಎನ್‌ಕೆ. ರಕ್ತದ ಲಿಂಫೋಸೈಟುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 5ರಿಂದ 15 ಇವು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಉಳಿದ ಲಿಂಫೋಸೈಟಿಗಿಂತ ಸ್ವಲ್ಪ ದೊಡ್ಡದು, ಒಳಗೆ ಕೆಂಪು ನೇರಳೆ ಬಣ್ಣದ ಸಣ್ಣ ಸಣ್ಣ ಹರಳುಗಳು ಕಾಣುತ್ತವೆ. ಆ ಹರಳುಗಳನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತವೆ.

ಟಿ ಕೋಶಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಒಂದಿದೆ. ಒಂದೊಂದು ಟಿ ಕೋಶ ಒಂದೊಂದು ವೈರಸ್ ತುಣುಕನ್ನು ಮಾತ್ರ ಗುರುತಿಸುವುದು. ಮೈಯಲ್ಲಿ ಕೋಟ್ಯಂತರ ಬಗೆಯ ಟಿ ಕೋಶಗಳಿವೆ, ಹೊಸ ವೈರಸ್ ಬಂದಾಗ ಅದಕ್ಕೆ ಸರಿಹೊಂದುವ ಕೆಲವೇ ಕೋಶಗಳು ಇರುತ್ತವೆ, ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ಸೈನ್ಯ ಆಗುವಷ್ಟರಲ್ಲಿ ಒಂದು ವಾರ ಹೋಗುತ್ತದೆ. ಎನ್‌ಕೆ ಕೋಶಕ್ಕೆ ಆ ತಯಾರಿ ಬೇಡ. ಅಸ್ಥಿಮಜ್ಜೆಯಿಂದ ಹುಟ್ಟಿ ಬೆಳೆದು ರಕ್ತಕ್ಕೆ ಬರುವಾಗಲೇ ಅದು ರೆಡಿ. ಮೊದಲ ದಿನವೇ ಕೆಲಸಕ್ಕೆ ಇಳಿಯುತ್ತದೆ. ಹಾಗಾದರೆ ಯಾವ ವೈರಸ್ ಅಂತ ಗೊತ್ತಿಲ್ಲದೆ ಯಾರನ್ನು ಹಿಡಿಯುವುದು? ಅಲ್ಲೇ ಇರುವುದು ಮಜಾ.

ಇದು ಸಿಕ್ಕಿದ ಕತೆ ಸ್ವಲ್ಪ ಹೇಳಬೇಕು. 1970ರ ಸುಮಾರಿಗೆ ಕ್ಯಾನ್ಸರ್ ರೋಗಿಗಳ ಲಿಂಫೋಸೈಟುಗಳು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತವೆಯೇ ಅಂತ ಬಹಳ ಕಡೆ ಪರೀಕ್ಷೆ ಮಾಡುತ್ತಿದ್ದರು. ಪರೀಕ್ಷೆ ಹೇಗಂದರೆ, ಕ್ಯಾನ್ಸರ್ ಕೋಶಗಳಿಗೆ ಕ್ರೋಮಿಯಂ-51 ಅನ್ನುವ ವಿಕಿರಣ ಹೊರಡಿಸುವ ವಸ್ತು ಕುಡಿಸುವುದು. ಚೆನ್ನಾಗಿ ತೊಳೆಯುವುದು. ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗೆ ಹಾಕಿ, ಮೇಲಿಂದ ಲಿಂಫೋಸೈಟ್ ಸೇರಿಸಿ, 37 ಡಿಗ್ರಿಯಲ್ಲಿ ನಾಲ್ಕು ಗಂಟೆ ಬಿಡುವುದು. ಕೋಶ ಬದುಕಿದ್ದರೆ ಕ್ರೋಮಿಯಂ ಒಳಗೇ ಇರುತ್ತದೆ, ಸತ್ತರೆ ಒಡೆದು ಹೊರಗಿನ ನೀರಿಗೆ ಬರುತ್ತದೆ. ಮೇಲಿನ ನೀರು ತೆಗೆದು ಕೌಂಟರಿನಲ್ಲಿ ಅಳೆದರೆ ಎಷ್ಟು ಸತ್ತವು ಅಂತ ಗೊತ್ತಾಗುತ್ತದೆ. ಈಗ ಬಣ್ಣ ಹಚ್ಚಿ ಫ್ಲೋ ಸೈಟೋಮೆಟ್ರಿಯಲ್ಲೇ ಮಾಡುವುದು ಜಾಸ್ತಿ, ಆದರೆ ಹಳಬರು ಈಗಲೂ ಕ್ರೋಮಿಯಂ ಟೆಸ್ಟಿನ ಮೇಲೆ ಆಣೆ ಹಾಕುತ್ತಾರೆ.

ಇದರಲ್ಲಿ ಒಂದು ಕಿರಿಕಿರಿ ಇತ್ತು. ಹೋಲಿಸಿ ನೋಡಲು ಆರೋಗ್ಯವಂತರ ಲಿಂಫೋಸೈಟ್ ಹಾಕಿದರೆ ಅವೂ ಕೊಲ್ಲುತ್ತಿದ್ದವು! ಆ ಕ್ಯಾನ್ಸರನ್ನು ಯಾವತ್ತೂ ಕಾಣದ ಇಲಿಗಳ ಕೋಶಗಳೂ ಕೊಲ್ಲುತ್ತಿದ್ದವು. ಬಹಳ ಜನ ಇದನ್ನು ಟೆಸ್ಟಿನ ದೋಷ ಅಂತ ಬಗೆದು, ಕಳೆಯಬೇಕಾದ ಸಂಖ್ಯೆ ಅಂತ ಕಳೆದು ಸುಮ್ಮನಾದರು. ಕೆಲವರು ಮಾತ್ರ ಆ ಕಳೆದ ಸಂಖ್ಯೆಯನ್ನೇ ಎತ್ತಿಕೊಂಡರು. ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ರೋಲ್ಫ್ ಕೀಸ್ಲಿಂಗ್, ಎವಾ ಕ್ಲೈನ್, ಹಾನ್ಸ್ ವಿಗ್ಜೆಲ್. ಅಮೆರಿಕದಲ್ಲಿ ರೊನಾಲ್ಡ್ ಹರ್ಬರ್‌ಮನ್. 1975ರಲ್ಲಿ ಎರಡೂ ಕಡೆಯಿಂದ ಪ್ರಬಂಧ ಬಂತು: ಇದು ಟಿ ಕೋಶ ಅಲ್ಲ, ಬಿ ಕೋಶವೂ ಅಲ್ಲ, ಮೂರನೆಯದ್ದೊಂದು ಇದೆ. ಮೊದಲೇ ತರಬೇತಿ ಕೊಡದೆ, ಸಹಜವಾಗಿಯೇ ಕೊಲ್ಲುವುದರಿಂದ ನ್ಯಾಚುರಲ್ ಕಿಲ್ಲರ್. ನನಗೆ ಈ ಕತೆ ಇಷ್ಟ. ಕಳೆದುಹಾಕಿದ ಅಂಕಿಯೊಳಗೆ ಒಂದು ಇಡೀ ಕೋಶಜಾತಿ ಅಡಗಿತ್ತು.

ಕೋಶ ಸಿಕ್ಕಿತು, ಆದರೆ ಅದು ಏನನ್ನು ನೋಡಿ ಕೊಲ್ಲುತ್ತದೆ ಅನ್ನುವುದು ಗೊತ್ತಾಗಲು ಮತ್ತೆ ಹತ್ತು ವರ್ಷಕ್ಕೂ ಮೇಲೆ ಬೇಕಾಯಿತು. ಎಲ್ಲರೂ ಹುಡುಕುತ್ತಿದ್ದದ್ದು ಕ್ಯಾನ್ಸರ್ ಕೋಶದ ಮೇಲೆ ಇರುವ ಏನೋ ಒಂದನ್ನು. ಕ್ಲಾಸ್ ಕೆರೆ ಎಂಬ ಸ್ವೀಡನ್ನಿನ ವಿಜ್ಞಾನಿ ತಿರುಗಿಸಿ ಯೋಚಿಸಿದರು. ಇರುವುದನ್ನಲ್ಲ, ಇಲ್ಲದ್ದನ್ನು ನೋಡುತ್ತಿದ್ದರೆ?

ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲಾ ಕೋಶಗಳ ಮೇಲೂ ಎಂಎಚ್‌ಸಿ ಕ್ಲಾಸ್ ಒನ್ ಅನ್ನುವ ಪ್ರೋಟೀನ್ ಇರುತ್ತದೆ. ಮನುಷ್ಯರಲ್ಲಿ ಅದನ್ನು ಎಚ್‌ಎಲ್‌ಎ ಅನ್ನುತ್ತಾರೆ. ಬೋನ್ ಮ್ಯಾರೋ ಅಥವಾ ಕಿಡ್ನಿ ಕಸಿಗೆ ಓಡಾಡಿದವರು ಈ ಹೆಸರು ಕೇಳಿರುತ್ತೀರಿ. ಕೋಶದ ಒಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ಇದು ಹೊರಗೆ ಎತ್ತಿ ತೋರಿಸುತ್ತಿರುತ್ತದೆ. ಒಳಗೆ ವೈರಸ್ ಇದ್ದರೆ ಅದರ ಚೂರೂ ಹೊರಗೆ ಬರುತ್ತದೆ, ಟಿ ಕೋಶ ಅದನ್ನು ಕಂಡು ಹಿಡಿಯುತ್ತದೆ. ವೈರಸ್ಸಿಗೆ ಇದರಿಂದ ತಪ್ಪಿಸಿಕೊಳ್ಳುವ ಸುಲಭ ದಾರಿ ಯಾವುದು? ಎಚ್‌ಎಲ್‌ಎಯನ್ನೇ ಮೇಲೆ ಬರದಂತೆ ತಡೆಯುವುದು. ಕ್ಯಾನ್ಸರ್ ಕೋಶಗಳೂ ಇದನ್ನೇ ಮಾಡುತ್ತವೆ. ಟಿ ಕೋಶಕ್ಕೆ ಆಗ ಕಣ್ಣು ಕಟ್ಟಿದಂತೆ. ಆದರೆ ಎನ್‌ಕೆ ಕೋಶಕ್ಕೆ ಅನುಮಾನ ಬರುವುದು ಅಲ್ಲಿಂದಲೇ.

ಲೋಕಲ್ ಟ್ರೈನಿನ ಸೆಂಟ್ರಲ್ ಲೈನಿನಲ್ಲಿ ದಿನಾ ಓಡಾಡುವವರು ನೀವು. ದಾದರಿನ ಬ್ರಿಜ್ ಮೇಲೆ ನಿಂತ ಟಿಸಿ ನಿಮ್ಮ ಊರು ಕೇಳುವುದಿಲ್ಲ, ಕುಲ ಗೋತ್ರ ಕೇಳುವುದಿಲ್ಲ, ನೀವು ಒಳ್ಳೆಯವರೋ ಕಳ್ಳರೋ ಅದೂ ಬೇಡ. ಪಾಸ್ ತೋರಿಸಿ ಅನ್ನುತ್ತಾನೆ ಅಷ್ಟೇ. ಎಚ್‌ಎಲ್‌ಎ ಅನ್ನುವುದು ಆ ಪಾಸ್.

ಕೆರೆ ಮತ್ತು ಅವರ ಸಂಗಡಿಗರು 1986ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು. ಒಂದೇ ಮೂಲದ ಎರಡು ಲಿಂಫೋಮಾ, ಅಂದರೆ ಲಿಂಫೋಸೈಟಿನ ಕ್ಯಾನ್ಸರ್, ಕೋಶಗಳು. ಒಂದರಲ್ಲಿ ಎಂಎಚ್‌ಸಿ ಇದೆ, ಇನ್ನೊಂದರಲ್ಲಿ ಹೆಚ್ಚುಕಡಿಮೆ ಇಲ್ಲ. ಒಂದೇ ತಳಿಯ ಇಲಿಗಳಿಗೆ ಚುಚ್ಚಿದರೆ ಎಂಎಚ್‌ಸಿ ಇದ್ದ ಗಡ್ಡೆ ಬೆಳೆಯಿತು, ಇಲ್ಲದ್ದನ್ನು ಇಲಿ ಹೊಸಕಿ ಹಾಕಿತು. ಇಲಿಯ ಎನ್‌ಕೆ ಕೋಶಗಳನ್ನು ತೆಗೆದುಬಿಟ್ಟರೆ ಇಲ್ಲದ್ದೂ ಬೆಳೆಯಿತು. ಇದಕ್ಕೆ ಮೊದಲೇ ಒಂದು ಒಗಟು ಇತ್ತು: ಎರಡು ತಳಿ ಕೂಡಿ ಹುಟ್ಟಿದ ಮರಿ ಇಲಿ, ಅಪ್ಪನ ಅಥವಾ ಅಮ್ಮನ ಅಸ್ಥಿಮಜ್ಜೆ ಕೊಟ್ಟರೆ ಬೇಡ ಅನ್ನುತ್ತಿತ್ತು. ಕಸಿಯ ನಿಯಮದ ಪ್ರಕಾರ ಮರಿ ಬೇಡ ಅನ್ನಬಾರದು, ಅಪ್ಪ ಅಮ್ಮನದ್ದು ಎಲ್ಲವೂ ಅದರಲ್ಲಿ ಇದೆ. ಆದರೆ ತಿರುಗಿಸಿ ನೋಡಿ, ಮರಿಯಲ್ಲಿ ಇರುವುದರ ಅರ್ಧ ಅಪ್ಪನಲ್ಲಿ ಇಲ್ಲ. ಎನ್‌ಕೆಗೆ ಕಾಣುವುದು ಆ ಇಲ್ಲದ ಅರ್ಧ. ಒಗಟು ಬಿಡಿಸಿದಂತಾಯಿತು.

ಮುಂದೆ 1992ರಲ್ಲಿ ವೇಯ್ನ್ ಯೊಕೊಯಾಮಾ ಅವರ ಲ್ಯಾಬಿನವರು ಇಲಿಯ ಎನ್‌ಕೆ ಮೇಲೆ ಪಾಸ್ ಓದುವ ರಿಸೆಪ್ಟರನ್ನೇ ತೋರಿಸಿದರು, ಎಂಎಚ್‌ಸಿ ಸಿಕ್ಕಿದರೆ ಅದು ಕೋಶಕ್ಕೆ 'ನಿಲ್ಲು' ಅನ್ನುತ್ತದೆ. ಮನುಷ್ಯರಲ್ಲಿ ಈ ಕೆಲಸ ಮಾಡುವ ಗುಂಪಿಗೆ ಕೆಐಆರ್ ಅಂತ ಹೆಸರು. ಇಟಲಿಯ ಮೊರೆಟ್ಟಾ ಅಣ್ಣತಮ್ಮಂದಿರ ಕೆಲಸ ಇದರಲ್ಲಿ ದೊಡ್ಡದು.

ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಕಾಲೇಜು ಹುಡುಗಿ ಕೈ ಎತ್ತಿದಳು. "ಮೇಡಂ, ಕೆಂಪು ರಕ್ತಕಣದ ಮೇಲೆ ಎಚ್‌ಎಲ್‌ಎ ಇರೋದಿಲ್ಲ ಅಂತ ಓದಿದ್ದೇನೆ. ಹಾಗಾದರೆ ಎನ್‌ಕೆ ಅವನ್ನೆಲ್ಲ ಯಾಕೆ ಕೊಲ್ಲೋದಿಲ್ಲ?"

ಭೇಷ್. ಇದೇ ಪ್ರಶ್ನೆ ಬರಲಿ ಅಂತ ನಾನು ಕಾಯುತ್ತಿದ್ದೆ. ಕೆಂಪು ಕಣದ ಮೇಲೆ ಎಚ್‌ಎಲ್‌ಎ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 40ರಿಂದ 50 ಲಕ್ಷ ಕೆಂಪು ಕಣಗಳು, ಎಲ್ಲವೂ ಪಾಸ್ ಇಲ್ಲದೆ ಎನ್‌ಕೆ ಪಕ್ಕದಲ್ಲೇ ಉಜ್ಜಿಕೊಂಡು ಓಡಾಡುತ್ತವೆ. ಏನೂ ಆಗುವುದಿಲ್ಲ. ಅಂದರೆ ನಮ್ಮ ಟಿಸಿ ಹೋಲಿಕೆ ಇಲ್ಲಿಗೆ ಮುಗಿಯಿತು. ಪಾಸ್ ಇಲ್ಲ ಅಂದ ಮಾತ್ರಕ್ಕೆ ಎನ್‌ಕೆ ಕೊಲ್ಲುವುದಿಲ್ಲ. ಇನ್ನೊಂದು ಕಡೆಯಿಂದ 'ಹೊಡಿ' ಅನ್ನುವ ಸೂಚನೆಯೂ ಬರಬೇಕು.

ಆ ಸೂಚನೆ ಎಲ್ಲಿಂದ ಬರುತ್ತದೆ? ಕೋಶಕ್ಕೆ ಒಳಗೆ ಏನಾದರೂ ಕಷ್ಟ ಆದಾಗ, ವೈರಸ್ ಹೊಕ್ಕಾಗ, ಡಿಎನ್‌ಎ ಕೆಟ್ಟಾಗ, ಕ್ಯಾನ್ಸರಿನ ಕಡೆ ವಾಲಿದಾಗ, ಅದರ ಮೇಲೆ ಕೆಲವು ಹೊಸ ಪ್ರೋಟೀನುಗಳು ಹುಟ್ಟುತ್ತವೆ. ಎಂಐಸಿಎ, ಎಂಐಸಿಬಿ ಅಂತ ಅವುಗಳಲ್ಲಿ ಎರಡು. ಆರೋಗ್ಯವಾಗಿರುವ ಹೆಚ್ಚಿನ ಕೋಶಗಳ ಮೇಲೆ ಇವು ಕಾಣುವುದೇ ಅಪರೂಪ. ಎನ್‌ಕೆ ಮೇಲಿರುವ ಎನ್‌ಕೆಜಿ2ಡಿ ಅನ್ನುವ ರಿಸೆಪ್ಟರ್ ಇವನ್ನು ಹಿಡಿಯುತ್ತದೆ. ಇಂಥ 'ಹೊಡಿ' ರಿಸೆಪ್ಟರುಗಳು ಹಲವು, 'ನಿಲ್ಲು' ರಿಸೆಪ್ಟರುಗಳೂ ಹಲವು. ಎರಡೂ ಕಡೆಯ ಸೂಚನೆ ಒಟ್ಟಿಗೆ ಒಳಗೆ ಹೋಗುತ್ತದೆ, ಯಾವ ಕಡೆ ಭಾರ ಜಾಸ್ತಿಯೋ ಹಾಗೆ ಕೋಶ ನಡೆಯುತ್ತದೆ. ಪಾಸ್ ಇದೆ, ಒಳಗೆ ಕಷ್ಟವೂ ಇಲ್ಲ: ಬಿಡುತ್ತದೆ. ಪಾಸ್ ಇಲ್ಲ, ಆದರೆ ಕಷ್ಟದ ಗುರುತೂ ಇಲ್ಲ, ನಮ್ಮ ಕೆಂಪು ಕಣದ ಹಾಗೆ: ಬಿಡುತ್ತದೆ. ಪಾಸ್ ಇಲ್ಲ, ಕಷ್ಟದ ಗುರುತು ಇದೆ: ಕೊಲ್ಲುತ್ತದೆ. ಪಾಸ್ ಇದ್ದೂ ಕಷ್ಟದ ಗುರುತು ವಿಪರೀತ ಇದ್ದರೆ ಕೆಲವೊಮ್ಮೆ ಆಗಲೂ ಕೊಲ್ಲುತ್ತದೆ. ನೋಡಿ, ನಾಲ್ಕರಲ್ಲಿ ಎರಡು ಸಲ ಖಂಡಿತ ಬಿಟ್ಟಿತು. ಮೈಯಲ್ಲಿ ಆ ಎರಡು ತರದ ಕೋಶಗಳೇ ಎಲ್ಲಕ್ಕಿಂತ ಜಾಸ್ತಿ ಇರುವುದು.

ಇನ್ನೂ ಒಂದು ವಿಚಿತ್ರ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಎಚ್‌ಎಲ್‌ಎ ಕ್ಲಾಸ್ ಒನ್ ತೀರಾ ಕಡಿಮೆ ಇರುತ್ತದೆ, ಚೂರುಗಳನ್ನು ಸಾಗಿಸುವ ಟಿಎಪಿ ಅನ್ನುವ ಪ್ರೋಟೀನ್ ಕೆಟ್ಟಿರುವುದರಿಂದ. ಅಂಥವರ ಎನ್‌ಕೆ ಇಡೀ ಮೈಯನ್ನೇ ತಿಂದುಹಾಕಬೇಕಿತ್ತು ಅಲ್ವಾ? ತಿನ್ನುವುದಿಲ್ಲ. ಬೆಳೆಯುವಾಗ ಪಾಸನ್ನೇ ಕಾಣದ ಎನ್‌ಕೆ ಮಂಕಾಗಿಯೇ ಉಳಿಯುತ್ತದೆ, ಕೈ ಎತ್ತುವುದಿಲ್ಲ. ನಮ್ಮವರು ಯಾರು ಅಂತ ಗೊತ್ತಾದ ಮೇಲೆಯೇ ಅದಕ್ಕೆ ಕೊಲ್ಲುವ ಬಲ ಬರುವುದು.

ಇನ್ನು ಕೊಲ್ಲುವುದು ಹೇಗೆ. ಇದನ್ನು ನಿಧಾನವಾಗಿ ನೋಡಬೇಕು, ಅಷ್ಟು ಚೆನ್ನಾಗಿದೆ. ಎನ್‌ಕೆ ಬಂದು ಎದುರಿನ ಕೋಶಕ್ಕೆ ಒತ್ತಿಕೊಳ್ಳುತ್ತದೆ. ತೀರ್ಮಾನ 'ಹೊಡಿ' ಅಂತಾದರೆ, ಮೊದಲು ಹೇಳಿದೆನಲ್ಲ ಹರಳುಗಳು, ಕೋಶದ ತುಂಬ ಚದುರಿರುವ ಅವು ಕೆಲವೇ ನಿಮಿಷಗಳಲ್ಲಿ ಒಂದೇ ಕಡೆ ಗುಂಪಾಗುತ್ತವೆ. ಆಮೇಲೆ ಆ ಇಡೀ ಗುಂಪು ಶತ್ರು ತಾಗಿರುವ ಬದಿಗೆ ಜರುಗುತ್ತದೆ. ಹೀಗೆ ಗುಂಪು ಕಟ್ಟುವುದಕ್ಕೆ ಕಾರಣ ಇದೆ: ಅಕ್ಕಪಕ್ಕದ ಒಳ್ಳೆಯ ಕೋಶಕ್ಕೆ ಸಿಡಿಯಬಾರದು. ಎರಡು ಕೋಶಗಳ ನಡುವಿನ ಕಿರಿದಾದ ಸಂದಿಗೆ ಹರಳುಗಳು ಬಾಯಿ ಬಿಡುತ್ತವೆ. ಒಳಗಿರುವುದು ಮುಖ್ಯವಾಗಿ ಎರಡು ವಸ್ತು: ಪರ್ಫೋರಿನ್ ಮತ್ತು ಗ್ರಾಂಜೈಮ್.

ಪರ್ಫೋರಿನ್ ಹರಳಿನೊಳಗೆ ಇರುವಾಗ ಕೆಲಸ ಮಾಡುವುದಿಲ್ಲ, ಅಲ್ಲಿ ಹುಳಿ ವಾತಾವರಣ. ಹೊರಗೆ ಬಂದು ಕ್ಯಾಲ್ಸಿಯಂ ಸಿಕ್ಕಿದ ಕೂಡಲೇ ಎದುರಿನ ಕೋಶದ ಪೊರೆಗೆ ಹತ್ತುತ್ತದೆ. ಸುಮಾರು 20 ಅಣುಗಳು ಸುತ್ತ ಕೂಡಿ ಉಂಗುರದ ಹಾಗೆ ತೂತು ಕೊರೆಯುತ್ತವೆ. ಆ ತೂತಿನ ದಾರಿಯಲ್ಲಿ ಗ್ರಾಂಜೈಮ್ ಒಳಗೆ ಹೋಗುತ್ತದೆ. ಒಳಗೆ ಹೋಗಿ ಅದು ಮಾಡುವುದು ಏನಂದರೆ, ಪ್ರತಿ ಕೋಶದಲ್ಲೂ ಮೊದಲೇ ಇರುವ ಸಾಯುವ ವ್ಯವಸ್ಥೆಯನ್ನು ಎಬ್ಬಿಸುವುದು. ಕೋಶ ತನ್ನ ಡಿಎನ್‌ಎಯನ್ನು ತಾನೇ ಕತ್ತರಿಸಿಕೊಳ್ಳುತ್ತದೆ, ಕುಗ್ಗುತ್ತದೆ, ಮೈಮೇಲೆ ಗುಳ್ಳೆ ಗುಳ್ಳೆ ಏಳುತ್ತದೆ, ತುಂಡಾಗುತ್ತದೆ, ತುಂಡುಗಳನ್ನು ಮ್ಯಾಕ್ರೋಫೇಜ್ ಅನ್ನುವ, ಕಸ ನುಂಗುವ ಕೋಶ ನುಂಗಿಬಿಡುತ್ತದೆ. ಒಡೆದು ಚೆಲ್ಲದೆ ಹೀಗೆ ಸಾಯುವುದರಿಂದ ಒಳಗಿನ ವೈರಸ್ ಊರೆಲ್ಲ ಹರಡುವುದು ಕಡಿಮೆ. ಅಷ್ಟರಲ್ಲಿ ಎನ್‌ಕೆ ಕಳಚಿಕೊಂಡು ಮುಂದಿನ ಕೋಶಕ್ಕೆ ಹೋಗಿರುತ್ತದೆ, ಒಂದೇ ಎನ್‌ಕೆ ಹೀಗೆ ಒಂದಾದ ಮೇಲೆ ಒಂದು ಹಲವನ್ನು ಮುಗಿಸಬಲ್ಲದು. ತಾನೇ ಬಿಟ್ಟ ಪರ್ಫೋರಿನ್ ತನಗೇ ತೂತು ಮಾಡುವುದಿಲ್ಲವೇ ಅಂತ ಕೇಳಬಹುದು. ಅದರ ಪೊರೆಯ ಕೊಬ್ಬಿನ ಅಣುಗಳು ಒತ್ತೊತ್ತಾಗಿ ಜೋಡಿಸಿಕೊಂಡಿರುವುದರಿಂದ ಪರ್ಫೋರಿನ್ನಿಗೆ ಸರಿಯಾಗಿ ಹಿಡಿತ ಸಿಗುವುದಿಲ್ಲ.

ಕೊಲ್ಲುವುದರ ಜೊತೆಗೆ ಇಂಟರ್‌ಫೆರಾನ್ ಗಾಮಾ ಅನ್ನುವ ಸಂದೇಶದ ಪ್ರೋಟೀನ್ ಸುರಿಸಿ ಮ್ಯಾಕ್ರೋಫೇಜುಗಳನ್ನು ಚುರುಕು ಮಾಡುವುದೂ ಇದರ ಕೆಲಸವೇ. ಅದರ ವಿವರ ಬೇಡ, ಟೀ ಬಂತು.

(ಟೀ ಆದ ಮೇಲೆ.)

ಇಷ್ಟೆಲ್ಲ ಇದ್ದರೂ ವೈರಸ್ಸುಗಳು ಸುಮ್ನೆ ಕೂತಿಲ್ಲ. ಸೈಟೋಮೆಗಲೋ ವೈರಸ್, ಸಿಎಂವಿ ಅಂತ ಒಂದಿದೆ. ನಮ್ಮ ದೇಶದ ದೊಡ್ಡವರಲ್ಲಿ ಬಹುಪಾಲು ಜನರ ಮೈಯಲ್ಲಿ ಇದು ಇದೆ, ನಿಮಗೂ ಇರಬಹುದು, ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಇದು ಟಿ ಕೋಶದಿಂದ ಬಚಾವಾಗಲು ಎಚ್‌ಎಲ್‌ಎಯನ್ನು ಇಳಿಸುತ್ತದೆ. ಆಗ ಎನ್‌ಕೆ ಬರುತ್ತದಲ್ಲ, ಅದಕ್ಕೆ ಯುಎಲ್18 ಅಂತ ಎಚ್‌ಎಲ್‌ಎ ತರವೇ ಕಾಣುವ ನಕಲಿ ಪ್ರೋಟೀನನ್ನು ತನ್ನದೇ ಜೀನಿನಿಂದ ತಯಾರಿಸಿ ಮೇಲೆ ಇಡುತ್ತದೆ. ಎಚ್‌ಐವಿಯ ದಾರಿ ಬೇರೆ. ಎಚ್‌ಎಲ್‌ಎಯಲ್ಲಿ ಎ, ಬಿ, ಸಿ, ಇ, ಜಿ ಅಂತ ಬಗೆಗಳಿವೆ; ಎಚ್‌ಐವಿಯ ನೆಫ್ ಅನ್ನುವ ಪ್ರೋಟೀನ್ ಎಚ್‌ಎಲ್‌ಎ-ಎ ಮತ್ತು ಬಿಯನ್ನು ಇಳಿಸಿ, ಎನ್‌ಕೆ ಹೆಚ್ಚಾಗಿ ನೋಡುವ ಸಿ ಮತ್ತು ಇಯನ್ನು ಹಾಗೇ ಬಿಡುತ್ತದೆ. ಎಷ್ಟು ಬೇಕೋ ಅಷ್ಟೇ! ಇದನ್ನು ಓದಿದಾಗಲೆಲ್ಲ ನನಗೆ ಸ್ವಲ್ಪ ಸಿಟ್ಟೂ ಬರುತ್ತದೆ, ಮೆಚ್ಚುಗೆಯೂ ಆಗುತ್ತದೆ.

ಎನ್‌ಕೆ ಇಲ್ಲದಿದ್ದರೆ ಏನಾಗುತ್ತದೆ ಅಂತ ತಿಳಿದದ್ದು ಒಂದು ಹುಡುಗಿಯಿಂದ. 1989ರಲ್ಲಿ ಕ್ರಿಸ್ಟೀನ್ ಬಿರಾನ್ ಮತ್ತು ಅವರ ಸಂಗಡಿಗರು ಅಮೆರಿಕದಿಂದ ಈ ವರದಿ ಬರೆದರು. ಹುಡುಗಿಯ ಟಿ ಕೋಶ, ಬಿ ಕೋಶ ಇದ್ದವು, ಎನ್‌ಕೆ ಇರಲಿಲ್ಲ. 13ರ ವಯಸ್ಸಿಗೆ ಚಿಕನ್ ಪಾಕ್ಸ್, ನಮ್ಮ ಹಿರಿಯರು 'ಅಮ್ಮ ಬಂದಿದೆ' ಅನ್ನುವುದು, ಅದು ಜೀವಕ್ಕೇ ಬರುವಷ್ಟು ಜೋರಾಗಿ ಬಂತು. ಆಮೇಲೆ ಸಿಎಂವಿ, ಆಮೇಲೆ ಹರ್ಪಿಸ್. ಮೂರೂ ಒಂದೇ ಕುಟುಂಬದ ವೈರಸ್ಸುಗಳು. ಸರ್ಪಸುತ್ತು ತರುವ ವೈರಸ್ ಕೂಡ ಆ ಚಿಕನ್ ಪಾಕ್ಸಿನದ್ದೇ ಅಂತ ನಿಮಗೆ ಗೊತ್ತಿರಬಹುದು. ಟಿ ಕೋಶ ಸೈನ್ಯ ಕಟ್ಟುವ ತನಕದ ಆ ಮೊದಲ ದಿನಗಳು ಎಷ್ಟು ಮುಖ್ಯ ಅಂತ ಇದರಿಂದ ತಿಳಿಯಿತು.

ಇನ್ನು ಹೆಣ್ಣುಮಕ್ಕಳಿಗೆ ಸಂಬಂಧಿಸಿದ ಒಂದು ಮಾತು, ಇದನ್ನು ನಾನು ಬೇಕಂತಲೇ ಸ್ವಲ್ಪ ಉದ್ದ ಮಾಡುತ್ತೇನೆ. ಗರ್ಭ ನಿಂತ ಮೊದಲ ಮೂರು ತಿಂಗಳಲ್ಲಿ ಗರ್ಭಕೋಶದ ಒಳಪದರದಲ್ಲಿರುವ ಬಿಳಿ ಕಣಗಳಲ್ಲಿ ನೂರಕ್ಕೆ 70ರಷ್ಟು ಎನ್‌ಕೆ ಕೋಶಗಳೇ. ಕೇಳಿದರೆ ಗಾಬರಿ ಆಗುತ್ತದೆ, ಮಗುವಿನ ಅರ್ಧ ಜೀನುಗಳು ಅಪ್ಪನವು, ಅಲ್ಲೇ ಸುತ್ತ ಇಷ್ಟು ಕೊಲ್ಲುವ ಕೋಶಗಳು! ಆದರೆ ಇವು ಅಲ್ಲಿ ಕೊಲ್ಲುವುದಿಲ್ಲ. ತಾಯಿಯ ರಕ್ತನಾಳಗಳು ಅಗಲವಾಗಿ ಮಾಸಿಗೆ (ಪ್ಲಾಸೆಂಟಾಗೆ) ರಕ್ತ ಸಲೀಸಾಗಿ ಹರಿಯುವಂತೆ ಮಾಡುವುದರಲ್ಲಿ ಇವುಗಳ ಕೈ ಇದೆ. ಮಾಸಿನ ಕೋಶಗಳೂ ಜಾಣ. ಎಚ್‌ಎಲ್‌ಎ-ಎ, ಬಿ ತೋರಿಸುವುದಿಲ್ಲ. ಸಿ, ಇ ಮತ್ತು ಜಿ ತೋರಿಸುತ್ತವೆ. ತಾಯಿಯ ಕೆಐಆರ್ ಮತ್ತು ಮಗುವಿನ ಎಚ್‌ಎಲ್‌ಎ-ಸಿ ಎನ್‌ಕೆಗೆ ಜೋರಾಗಿ 'ನಿಲ್ಲು' ಅನ್ನುವ ರೀತಿಯಲ್ಲಿ ಕೂಡಿಬಂದರೆ ಬಿಪಿ ಏರುವ ಪ್ರೀ-ಎಕ್ಲಾಂಪ್ಸಿಯಾ ಸಾಧ್ಯತೆ ಹೆಚ್ಚು ಅಂತ ಕೇಂಬ್ರಿಜ್‌ನ ಆ್ಯಶ್ಲೀ ಮೊಫೆಟ್ ಅವರ ಗುಂಪು 2004ರಲ್ಲಿ ತೋರಿಸಿತು. ಅಂದರೆ ಎನ್‌ಕೆ ಸುಮ್ಮನಿದ್ದರೆ ಅಲ್ಲಿ ತೊಂದರೆ, ಸ್ವಲ್ಪ ಚುರುಕಾಗಿದ್ದರೆ ಒಳ್ಳೆಯದು.

ಇದನ್ನು ಯಾಕೆ ಹೇಳಿದೆ ಅಂದರೆ, ಗರ್ಭ ನಿಲ್ಲುತ್ತಿಲ್ಲ ಅಂತ ಅಲೆಯುವ ದಂಪತಿಗಳಿಗೆ 'ರಕ್ತದಲ್ಲಿ ಎನ್‌ಕೆ ಜಾಸ್ತಿ ಇದೆ, ಅದನ್ನು ಇಳಿಸೋಣ' ಅಂತ ಟೆಸ್ಟು, ಡ್ರಿಪ್ಪು, ಸ್ಟೀರಾಯ್ಡು ಮಾಡಿಸುವ ಪದ್ಧತಿ ಪ್ರಪಂಚದ ಹಲವು ಕಡೆ ಇದೆ. ಗರ್ಭಕೋಶದ ಎನ್‌ಕೆ ಬೇರೆ, ತೋಳಿನಿಂದ ತೆಗೆದ ರಕ್ತದ ಎನ್‌ಕೆ ಬೇರೆ. ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. ಯುರೋಪಿನ ಸಂತಾನ ಚಿಕಿತ್ಸಾ ತಜ್ಞರ ಮಾರ್ಗಸೂಚಿ ಈ ರಕ್ತ ಪರೀಕ್ಷೆ ಬೇಡ ಅನ್ನುತ್ತದೆ. ಯಾರಾದರೂ ನಿಮ್ಮ ಮನೆಯಲ್ಲಿ ಇದಕ್ಕೆ ದುಡ್ಡು ಕಟ್ಟುವ ಮೊದಲು ಇನ್ನೊಬ್ಬ ಡಾಕ್ಟರನ್ನು ಕೇಳಲಿ.

ಹಿಂದಿನ ಸಾಲಿನಿಂದ ಹೋಟೆಲಿನವರೊಬ್ಬರು ಕೇಳಿದರು. "ಅದೆಲ್ಲ ಹೌದು ಮಾರಾಯ್ರೆ, ಈ ಎನ್‌ಕೆ ಜಾಸ್ತಿ ಮಾಡಲಿಕ್ಕೆ ಏನು ತಿನ್ನಬೇಕು? ಅಮೃತಬಳ್ಳಿ ಕಷಾಯ ಆಗ್ತದಾ?"

ಅಣ್ಣಾ, ಕಷಾಯ ಕುಡಿಯಬೇಡಿ ಅಂತ ನಾನು ಹೇಳುವುದಿಲ್ಲ, ಲಿವರ್ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ ಕುಡಿಯಿರಿ. ಆದರೆ ಜಾಸ್ತಿ ಆಯಿತು ಅಂತ ನಾವು ತಿಳಿಯುವುದು ಹೇಗೆ? ನೀವು ಈ ಮೂರು ಮಹಡಿ ಮೆಟ್ಟಿಲನ್ನು ಓಡಿ ಹತ್ತಿ ಬಂದ ಕೂಡಲೇ ರಕ್ತ ತೆಗೆದರೆ ಎನ್‌ಕೆ ಸಂಖ್ಯೆ ಏರಿರುತ್ತದೆ. ಅಡ್ರಿನಲಿನ್ ಏರಿದರೆ ರಕ್ತನಾಳದ ಗೋಡೆಗೆ, ಗುಲ್ಮಕ್ಕೆ ಅಂಟಿಕೊಂಡಿದ್ದ ಎನ್‌ಕೆ ಕಳಚಿ ರಕ್ತಕ್ಕೆ ಬರುತ್ತವೆ. ಸ್ವಲ್ಪ ಹೊತ್ತು ಕೂತರೆ ಮತ್ತೆ ಇಳಿಯುತ್ತದೆ, ಮೊದಲಿಗಿಂತ ಕೆಳಗೂ ಹೋಗಬಹುದು. ಮೈಯಲ್ಲಿ ಒಂದು ಕೋಶವೂ ಹೊಸದಾಗಿ ಹುಟ್ಟಿಲ್ಲ. ನಿದ್ದೆಯೂ ಹಾಗೇ. ಒಂದು ರಾತ್ರಿ ಅರ್ಧ ನಿದ್ದೆ ಕೆಡಿಸಿದರೆ ಮರುದಿನ ಎನ್‌ಕೆ ಚುರುಕು ಇಳಿಯುತ್ತದೆ, ಚೆನ್ನಾಗಿ ಮಲಗಿದರೆ ಸರಿಹೋಗುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಇಂಥ ಏರಿಳಿತ ಇರುವಾಗ ಒಂದು ಟೆಸ್ಟಿನ ಅಂಕಿ ನೋಡಿ ಬೂಸ್ಟ್ ಆಯಿತು ಅನ್ನುವುದು ಸುಳ್ಳು ಸಮಾಧಾನ. ಮತ್ತೆ, ಬೂಸ್ಟ್ ಮಾಡುವುದು ಅಂದರೆ ಯಾವುದನ್ನು? 'ಹೊಡಿ' ಅನ್ನುವ ಕಡೆಯನ್ನೋ, 'ನಿಲ್ಲು' ಅನ್ನುವ ಕಡೆಯನ್ನೋ? ಡಬ್ಬಿಯ ಮೇಲೆ ಅದನ್ನು ಬರೆದಿರುವುದಿಲ್ಲ.

ಹಾಗಂತ ಎನ್‌ಕೆ ಚುರುಕಿಗೂ ಆರೋಗ್ಯಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಜಪಾನಿನ ಸೈತಾಮಾದಲ್ಲಿ 40 ದಾಟಿದ 3,625 ಜನರ ರಕ್ತದ ಕೊಲ್ಲುವ ಶಕ್ತಿ ಅಳೆದು 11 ವರ್ಷ ಅವರನ್ನು ಗಮನಿಸಿದರು. ಶಕ್ತಿ ಕಡಿಮೆ ಇದ್ದವರಲ್ಲಿ ಕ್ಯಾನ್ಸರ್ ಜಾಸ್ತಿ ಕಂಡಿತು, 2000ದಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕಡಿಮೆ ಇದ್ದದ್ದಕ್ಕೇ ಕ್ಯಾನ್ಸರ್ ಬಂತು ಅಂತ ಇದರಿಂದ ಹೇಳಲು ಆಗುವುದಿಲ್ಲ. ಆದರೆ ತಳ್ಳಿಹಾಕುವ ಮಾತೂ ಅಲ್ಲ.

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಎನ್‌ಕೆಯನ್ನು ನಾವು ಆಗಲೇ ಬಳಸುತ್ತಿದ್ದೇವೆ, ರೋಗಿಗೆ ಗೊತ್ತಿರುವುದಿಲ್ಲ ಅಷ್ಟೇ. ಸ್ತನ ಕ್ಯಾನ್ಸರಿಗೆ ಟ್ರಾಸ್ಟುಜುಮಾಬ್, ಲಿಂಫೋಮಾಗೆ ರಿಟುಕ್ಸಿಮಾಬ್ ಅಂತ ಡ್ರಿಪ್ ಕೊಡುತ್ತಾರೆ, ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆ ಕಡೆ ಓಡಾಡಿದವರಿಗೆ ಈ ಹೆಸರುಗಳು ಪರಿಚಯ. ಇವು ಆ್ಯಂಟಿಬಾಡಿಗಳು. ಹೋಗಿ ಕ್ಯಾನ್ಸರ್ ಕೋಶಕ್ಕೆ ಅಂಟುತ್ತವೆ, ಅವುಗಳ ಬಾಲ ಹೊರಗೆ ಚಾಚಿರುತ್ತದೆ. ಎನ್‌ಕೆ ಮೇಲಿರುವ ಸಿಡಿ16 ಆ ಬಾಲವನ್ನು ಹಿಡಿದರೆ ಅದು ಬಹಳ ಜೋರಿನ 'ಹೊಡಿ' ಸೂಚನೆ. ಔಷಧದ ಕೆಲಸದಲ್ಲಿ ಒಂದು ಪಾಲು ಹೀಗೆ ನಡೆಯುತ್ತದೆ. ಕ್ಯಾನ್ಸರ್ ಕೂಡ ಬಿಡುವುದಿಲ್ಲ, ತನ್ನ ಮೇಲಿನ ಎಂಐಸಿಎಯನ್ನು ಕತ್ತರಿಸಿ ರಕ್ತಕ್ಕೆ ಬಿಟ್ಟು ಎನ್‌ಕೆಯ ರಿಸೆಪ್ಟರನ್ನು ಮೊಂಡು ಮಾಡುತ್ತದೆ.

ಇನ್ನು ಕಾರ್-ಟಿ ಬಗ್ಗೆ ಪೇಪರಿನಲ್ಲಿ ಓದಿರುತ್ತೀರಿ. ಇಲ್ಲೇ ಪೊವಾಯಿಯ ಐಐಟಿ ಮತ್ತು ಟಾಟಾ ಮೆಮೋರಿಯಲ್ ಸೇರಿ ಮಾಡಿದ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು, ದೇಶದಲ್ಲೇ ತಯಾರಾದ ಮೊದಲನೆಯದು. ಅದರಲ್ಲಿ ರೋಗಿಯದ್ದೇ ಟಿ ಕೋಶ ತೆಗೆದು ಜೀನ್ ಸೇರಿಸಿ ಹಿಂದಕ್ಕೆ ಕೊಡಬೇಕು. ಬೇರೆಯವರ ಟಿ ಕೋಶ ಹಾಗೇ ಕೊಟ್ಟರೆ ಅವು ರೋಗಿಯ ಮೈಯನ್ನೇ ಹಿಡಿಯುತ್ತವೆ. ಎನ್‌ಕೆಗೆ ಆ ಚಟ ಇಲ್ಲ, ಹಾಗಾಗಿ ಯಾರದ್ದೋ ಕೋಶ ಮೊದಲೇ ತಯಾರಿಸಿ ಇಡಬಹುದು. 2020ರಲ್ಲಿ ಹ್ಯೂಸ್ಟನ್ನಿನ ಎಂ.ಡಿ. ಆ್ಯಂಡರ್ಸನ್ ಕೇಂದ್ರದವರು ಹೊಕ್ಕುಳಬಳ್ಳಿ ರಕ್ತದ ಎನ್‌ಕೆಯಿಂದ ಕಾರ್-ಎನ್‌ಕೆ ಮಾಡಿ 11 ರೋಗಿಗಳಿಗೆ ಕೊಟ್ಟು ವರದಿ ಮಾಡಿದರು. 8 ಜನರಲ್ಲಿ ಫಲ ಕಂಡಿತು, 7 ಜನರಲ್ಲಿ ರೋಗದ ಗುರುತು ಪೂರ್ತಿ ಹೋಯಿತು, ಕಾರ್-ಟಿಯಲ್ಲಿ ಹೆದರಿಸುವ ಜೋರು ಜ್ವರದ ಬಿರುಗಾಳಿ ಬರಲಿಲ್ಲ. ಆದರೆ 11 ಅಂದರೆ 11. ಎನ್‌ಕೆ ಮೈಯಲ್ಲಿ ಹೆಚ್ಚು ಕಾಲ ಉಳಿಯುವುದಿಲ್ಲ, ಹೆಪ್ಪುಗಟ್ಟಿಸಿ ಇಟ್ಟು ಕರಗಿಸಿದರೆ ಸೋಲುತ್ತದೆ, ಅದೆಲ್ಲ ಇನ್ನೂ ಬಗೆಹರಿಯಬೇಕು.

ಕೊನೆಗೆ ಒಬ್ಬರು ಅಕ್ಕ ಕೇಳಿದರು. ಅವರ ಮೈದುನನಿಗೆ ಲ್ಯುಕೇಮಿಯಾ, ಬೋನ್ ಮ್ಯಾರೋ ಕಸಿ ಮಾತು ನಡೆಯುತ್ತಿದೆ. "ಅವನ ತಮ್ಮನ ಎಚ್‌ಎಲ್‌ಎ ಪೂರ್ತಿ ಮ್ಯಾಚ್ ಆದರೆ ಈ ಕೆಐಆರ್ ಕೂಡಾ ಮ್ಯಾಚ್ ಆದ ಹಾಗೇ ಅಲ್ವಾ?"

ಅಲ್ಲ ಅಕ್ಕ. ಎಚ್‌ಎಲ್‌ಎ ಜೀನುಗಳು 6ನೇ ಕ್ರೋಮೋಸೋಮಿನಲ್ಲಿವೆ, ಕೆಐಆರ್ 19ನೆಯದರಲ್ಲಿ. ಎರಡೂ ಬೇರೆ ಬೇರೆಯಾಗಿ ಬರುತ್ತವೆ. ಒಡಹುಟ್ಟಿದವರಲ್ಲಿ ಎಚ್‌ಎಲ್‌ಎ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಹೊಂದಿದರೂ ಕೆಐಆರ್ ಬೇರೆ ಇರಬಹುದು. ಅದರಿಂದ ಹೆದರಬೇಕಾದ್ದಿಲ್ಲ. ಇಟಲಿಯ ಪೆರೂಜಾದವರು 2002ರಲ್ಲಿ ತೋರಿಸಿದ್ದು ಇನ್ನೂ ಸೋಜಿಗ: ಅರ್ಧ ಮಾತ್ರ ಹೊಂದುವ ದಾನಿಯ ಮಜ್ಜೆಯನ್ನು ಟಿ ಕೋಶ ತೆಗೆದು ಕೊಟ್ಟಾಗ, ದಾನಿಯ ಎನ್‌ಕೆ ಹುಡುಕುವ ಪಾಸ್ ರೋಗಿಯ ಕೋಶಗಳಲ್ಲಿ ಇಲ್ಲದೆ ಹೋದರೆ, ಎಎಂಎಲ್ ಅನ್ನುವ ಲ್ಯುಕೇಮಿಯಾ ಮರಳುವುದು ಕಡಿಮೆ ಆಯಿತು. ದಾನಿಯ ಎನ್‌ಕೆ ಉಳಿದಿದ್ದ ಲ್ಯುಕೇಮಿಯಾ ಕೋಶಗಳನ್ನು ಹೊಡೆದಿತ್ತು. ಬೇರೆ ಕಡೆ ಬೇರೆ ವಿಧಾನದಲ್ಲಿ ಮಾಡಿದಾಗ ಇದೇ ಫಲ ಪ್ರತಿ ಸಲ ಬರಲಿಲ್ಲ, ಅದಕ್ಕೇ ಎಲ್ಲಾ ಆಸ್ಪತ್ರೆಗಳೂ ಕೆಐಆರ್ ನೋಡುವುದಿಲ್ಲ. ನಿಮ್ಮ ಮೈದುನನಿಗೆ ಎಎಂಎಲ್ ಆಗಿದ್ದು, ದಾನಿಗಳು ಒಬ್ಬರಿಗಿಂತ ಜಾಸ್ತಿ ಸಿಕ್ಕಿದರೆ, ಕೆಐಆರ್ ನೋಡುತ್ತೀರಾ ಅಂತ ಕಸಿ ಮಾಡುವ ಡಾಕ್ಟರನ್ನು ಕೇಳಿ. ಒಬ್ಬರೇ ದಾನಿ ಇದ್ದರೆ ಆ ಪ್ರಶ್ನೆ ಬೇಡ, ತಾರೀಕು ಯಾವಾಗ ಅಂತ ಕೇಳಿ.